ಬನಶ್ರೀಯ ಮನೆಸಾಕ್ಷಿ

…ಅದಕ್ಕೇ ನಿನ್ನೆ ಮೆಟ್ಟಿಲ ಮಾತಿಗೆ ಬಂದವನು ಕಾಗದ ಮಡಚಿಟ್ಟೆ. ಮುಂದೆ ಬರೆಯಲು ಧೈರ್ಯ ಸಾಲಲಿಲ್ಲ. ಇವತ್ತು ಬರೆಯಲೇಬೇಕು. ತಾರೀಖು ಹಾಕುವುದನ್ನೂ ಮರೆತಿದ್ದೆ: ಗದಗ, ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೇಳು. ನೂರೈವತ್ತು ವರ್ಷಕ್ಕೂ ಹಿಂದಿನವರಾದ ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನ. ನಮ್ಮಲ್ಲಿ ತಿಂಗಳುಗಳನ್ನು ಸರಿಮಾಡಿ ಬಹಳ ಕಾಲವಾಯಿತು. ನನ್ನ ಕೆಲವು ಶಬ್ದಗಳು ವಿಚಿತ್ರವೆನಿಸಿದರೆ ಮನ್ನಿಸಿ.

ನಾನು ಚೆನ್ನವೀರಪ್ಪ, ಎಪ್ಪತ್ತೆರಡರ ಮುದುಕ. ಮೊಮ್ಮಗಳು ಬನಶ್ರೀಗೆ ಒಂಬತ್ತು. ಆರನೆಯ ವಯಸ್ಸಿನಲ್ಲಿ ರಕ್ತಕ್ಕೆ ನಂಜೇರಿ, ತೀವ್ರ ನಿಗಾ ಘಟಕದಲ್ಲಿ ಇಪ್ಪತ್ತಾರು ದಿನ ಉಸಿರಾಟದ ಯಂತ್ರದ ಮೇಲಿದ್ದಳು. ಬದುಕಿ ಬಂದಳು. ನಿಮ್ಮ ಕಾಲದಲ್ಲಿ ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತಿತ್ತಂತೆ. ಹಳೆಯ ದಾಖಲೆಗಳ ಕೋಣೆಯಲ್ಲಿ ನಿಮ್ಮ ಕಾಲದ ಒಂದು ಮಗುವಿನ ಡಿಸ್ಚಾರ್ಜ್ ಚೀಟಿ ನೋಡಿದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಅರ್ಧ ಮರೆತಿದೆ. ‘ಕಂಡೀಷನ್ ಸ್ಟೇಬಲ್’ ಎಂಬಷ್ಟು ತಿಳಿಯಿತು. ಅದರ ಕೆಳಗೆ ಖಾಲಿ ಹಾಳೆ. ಆ ಮಗು ಆಮೇಲೆ ಓಡಿತೇ, ಮಗ್ಗಿ ನೆನಪಿಟ್ಟುಕೊಂಡಿತೇ, ಕೇಳಿದವರಿಲ್ಲ.

ನಮ್ಮಲ್ಲಿ ಅದಕ್ಕೆ ಹಿಂಗಾವಲು ಎಂಬ ಪದ್ಧತಿ ಇದೆ. ಹಾಗೆ ಮನೆಗೆ ಬಂದ ಮಗುವನ್ನು ಮುಂದಿನ ಏಳು ವರ್ಷಗಳ ಕಾಲ, ಮೂರು ತಿಂಗಳಿಗೊಮ್ಮೆ, ನರ್ಸ್ ಮನೆಗೇ ಬಂದು ನೋಡುತ್ತಾರೆ. ಕಾಲಿನ ಬಲ, ನಿದ್ದೆ, ನೆನಪು, ಭಯ ಎಲ್ಲವನ್ನೂ ವಿಚಾರಿಸುತ್ತಾರೆ. ಒಂದು ಗಂಟೆ ಆರೋಗ್ಯವಾಗಿರುವಂತೆ ನಟಿಸುವುದು ಮಗುವಿಗೆ ಕಷ್ಟವಲ್ಲ. ಆದ್ದರಿಂದ ಉಳಿದ ದಿನಗಳ ಸಂಗತಿಯನ್ನು ಮನೆಯವರೊಬ್ಬರು ಹೇಳಬೇಕು. ಅವರೇ ಮನೆಸಾಕ್ಷಿ. ಮಗ, ಸೊಸೆ ಊರಿಗೆ ಕರೆಂಟು ಕೊಡುವ ಗಾಳಿಯಂತ್ರಗಳ ದುರಸ್ತಿಗೆಂದು ವಾರವಿಡೀ ಕಪ್ಪತಗುಡ್ಡದ ಮೇಲಿರುವುದರಿಂದ ನನ್ನ ಹೆಂಡತಿ ನೀಲವ್ವ ಸಾಕ್ಷಿಯಾಗಿದ್ದಳು. ಏನನ್ನೂ ಮುಚ್ಚಿಡುತ್ತಿರಲಿಲ್ಲ. “ನಿನ್ನಿ ನನ್ನ ಮ್ಯಾಲೆ ತಾಟು ಒಗದಾಳ್ರಿ, ಅದನ್ನೂ ಬರಕೋರಿ” ಎಂದು ನರ್ಸ್ ನಸೀಮಾಗೆ ಹೇಳುತ್ತಿದ್ದಳು. “ಮನಿ ಮಾತು ಹೊರಗ ಯಾಕ?” ಎಂದು ನಾನು ಗೊಣಗಿದರೆ, “ನೀವು ಸುಮ್ನ ಚಾ ಕುಡೀರಿ” ಎನ್ನುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಸಾಕ್ಷಿಯ ಕೆಲಸ ನನಗೆ ಬಂತು.

ಆಮೇಲೆ ನಸೀಮಾ ನಾಲ್ಕು ಸಲ ಬಂದರು. ನಾಲ್ಕು ಸಲವೂ ನಾನು ಹೇಳಿದ್ದು ಒಂದೇ: “ಆರಾಮ ಅದಾಳ್ರಿ.” ಬನಶ್ರೀ ಬೇಡಿಕೊಂಡಿದ್ದಳು. “ಅಜ್ಜಾ, ಹೇಳಬ್ಯಾಡ. ಹೇಳಿದ್ರ ಮತ್ತ ಅರ್ಧ ದಿನದ ಸಾಲಿಗೆ ಹಾಕ್ತಾರ. ಹುಡುಗ್ರು ನನಗ ಗಾಜಿನ ಗೊಂಬಿ ಅಂತಾರ.” ಸುಳ್ಳೇಕೆ, ನನಗೂ ಅದೇ ಬೇಕಾಗಿತ್ತು. ನೀಲವ್ವ ಹೋದ ಮೇಲೆ ಮನೆಯಲ್ಲಿ ಕಾಯಿಲೆಯ ಮಾತೇ ಬೇಡವಾಗಿತ್ತು.

ಈ ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಇವತ್ತು ನಸೀಮಾ ಬರುವ ದಿನ. ಐದನೆಯ ಸಲವೂ ಆರಾಮ ಎಂದರೆ, ಏಳು ವರ್ಷ ತುಂಬದಿದ್ದರೂ ನಿಯಮದಂತೆ ಹಿಂಗಾವಲು ಇಲ್ಲಿಗೇ ನಿಲ್ಲುತ್ತದೆ.

ಮೆಟ್ಟಿಲ ಮಾತು ಇದು. ನಮ್ಮ ಮನೆ ಮೂರನೆಯ ಅಂತಸ್ತಿನಲ್ಲಿದೆ. ಗಾಳಿ ಚೆನ್ನಾಗಿ ಬೀಸಿದ ದಿನ ಮಾತ್ರ ಲಿಫ್ಟು ಓಡುತ್ತದೆ. ಹತ್ತುವಾಗ ಬನಶ್ರೀ ನಡುನಡುವೆ ಕುಳಿತು ಚಪ್ಪಲಿಯ ಪಟ್ಟಿ ಬಿಚ್ಚಿ ಕಟ್ಟುತ್ತಾಳೆ. ಪಟ್ಟಿ ಸಡಿಲವಾಗಿರುವುದಿಲ್ಲ, ಅವಳಿಗೆ ಉಸಿರು ಸಾಲುವುದಿಲ್ಲ. ಅವಳಿಗೆ ಅವಮಾನವಾಗದಿರಲಿ ಎಂದು ನಾನೂ ಪಕ್ಕದಲ್ಲಿ ಕುಳಿತು ಚಷ್ಮಾ ಒರೆಸುತ್ತೇನೆ. ಇಬ್ಬರೂ ಸೇರಿ ನಾಟಕ ಆಡುತ್ತಿದ್ದೇವೆ. ಮೊನ್ನೆ ಹಾಗೆ ಕೂತವಳು ಗೋಡೆಗೆ ಒರಗಿ, “ಅಜ್ಜಾ, ನಮ್ಮ ಮನಿ ಎಷ್ಟನೇ ಅಂತಸ್ತು?” ಎಂದಳು. ಹುಟ್ಟಿ ಬೆಳೆದ ಮನೆ. ನಾನು ಹೇಳಿದೆ. “ಇದನ್ನೂ ಹೇಳಬ್ಯಾಡ, ಹಾಂ” ಎಂದಳು.

ನಿಮ್ಮಲ್ಲಿ ಮನೆ ಬಾಗಿಲಿಗೆ ಬಂದು ಕೇಳುವವರು ಕಡಿಮೆ ಎಂದು ಓದಿದ್ದೇನೆ. ಹಾಗಿದ್ದರೆ ನೀವೇ ನೋಡಬೇಕು. ಸಾವನ್ನು ಗೆದ್ದು ಬಂದ ಮಗು ನಗುತ್ತಿದೆ ಎಂದು ನಂಬಿ ಕೂರಬೇಡಿ. ಎರಡನೆಯ ವರ್ಷವೂ ನೋಡಿ, ಮೂರನೆಯ ವರ್ಷವೂ ನೋಡಿ. ಕಂಡದ್ದನ್ನು ಡಾಕ್ಟರಿಗೆ ಹೇಳಿ. ಮಗು ಮುನಿಸಿಕೊಂಡರೂ ಹೇಳಿ.

ನಿಮಗೆ ಹೇಳುವುದು ಸುಲಭ. ಕೆಳಗೆ ನಸೀಮಾರ ದನಿ ಕೇಳಿಸುತ್ತಿದೆ; ಯಾರನ್ನೋ ಮಾತಾಡಿಸುತ್ತಿದ್ದಾರೆ. ಬನಶ್ರೀ ಬಾಗಿಲಿಗೆ ಬಂದು ನಿಂತಿದ್ದಾಳೆ. “ಏನ ಬರೀಲಿಕ್ಕತ್ತೀ ಅಜ್ಜಾ?” ಎನ್ನುತ್ತಿದ್ದಾಳೆ. ಇವತ್ತು ನಸೀಮಾಗೆ ನಿಜ ಹೇಳಬೇಕು, ಆದರೆ ಬನಶ್ರೀಯ ಬೆನ್ನ ಹಿಂದೆ ಹೇಳಲಾರೆ. ಅವರು ಮೇಲೆ ಬರುವ ಮೊದಲು ಇದನ್ನು ಅವಳಿಗೇ ಓದಿ ತೋರಿಸೋಣ ಎಂದುಕೊಂಡೆ. ಆದರೆ ಹೊತ್ತು ಮುಳುಗುತ್ತಿದೆ, ಗಾಳಿಯಿಲ್ಲದೆ ದೀಪವೂ ಇಲ್ಲ, ನನ್ನ ಅಕ್ಷರ ನನಗೇ ಕಾಣುತ್ತಿಲ್ಲ. ಅವಳಿಗೆ ಬಾಯಿ ಬಿಟ್ಟೇ ಹೇಳಬೇಕು.