ಲ್ಯಾಪ್‌ಟಾಪ್ ನಾನು ಒಯ್ದಿದ್ದೇನೆ

ಸಂಧ್ಯಾ,

ಲ್ಯಾಪ್‌ಟಾಪ್ ಹುಡುಕಬೇಡಮ್ಮ. ನ್ಯಾಮತಿಯ ಕೆಂಚೇಶನ ರಿಪೇರಿ ಅಂಗಡಿಗೆ ನಾನೇ ಒಯ್ಯುತ್ತಿದ್ದೇನೆ. ಸಂಜೆ ಶಾಲೆಯಿಂದ ಬಂದು ಬ್ಯಾಕಪ್ಪಿನಿಂದ ರಿಸ್ಟೋರ್ ಮಾಡುತ್ತೇನೆ ಎಂದಿದ್ದೆಯಲ್ಲ, ಅದು ಬೇಡ. ಸಿದ್ದಲಿಂಗೇಶ ಇಡೀ ಡಿಸ್ಕಿನ ಬ್ಯಾಕಪ್ ತೆಗೆಯುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಲ್ಯಾಪ್‌ಟಾಪಿಗೆ ಕುಂಕುಮ ಇಡುವ ಮುಂಚೆ. ಅವನು ಹೋಗುವ ಮುಂಚೆ ಆಸ್ಪತ್ರೆಯಲ್ಲಿ ಮಲಗಿಕೊಂಡೇ ನಿನಗೂ ಮಗುವಿಗೂ ಅಂತ ಮಾತಾಡಿ, ರೆಕಾರ್ಡ್ ಮಾಡಿ ಡಿ ಡ್ರೈವಿನಲ್ಲಿ ಇಟ್ಟದ್ದೆಲ್ಲ ದೀಪಾವಳಿ ಕಳೆದ ಮೇಲಿನದು. ಆ ಬ್ಯಾಕಪ್ಪಿನಲ್ಲಿ ಅದು ಇಲ್ಲ.

ಕೆಂಚೇಶ ಪಾಪ, ಊಟದಿಂದ ಎದ್ದು ಬಂದು ಫೋನಿನಲ್ಲಿ ಬಿಡಿಸಿ ಹೇಳಿದ: "ಅಮ್ಮಾರೆ, ಡಿ ಡ್ರೈವ್ ಕಾಣ್ತಿಲ್ಲ ಅಷ್ಟೇ, ಒಳಗೆ ಇನ್ನೂ ಇದ್ರೂ ಇರಬಹುದು. ರಿಸ್ಟೋರ್ ಒತ್ತಿದ್ರೆ ಅದರ ಮೇಲೆ ಹಳೇದು ಬರೆದುಬಿಡ್ತೈತೆ. ಏನೂ ಮುಟ್ಟದಂಗೆ ತಗಂಬರ್ರಿ."

ಸಿಕ್ಕೇ ಸಿಗುತ್ತದೆ ಎಂದು ಮಾತ್ರ ಅವನು ಹೇಳಲಿಲ್ಲ.

ಅನ್ನ ಸಾರು ಮುಚ್ಚಿಟ್ಟಿದ್ದೇನೆ, ಇವತ್ತಾದರೂ ಸರಿಯಾಗಿ ಉಣ್ಣು. ಸಿಕ್ಕರೆ ಅಂಗಡಿಯಿಂದಲೇ ಫೋನ್ ಮಾಡಿ ಅವನ ದನಿ ಕೇಳಿಸುತ್ತೇನೆ. ಫೋನ್ ಬರದಿದ್ದರೆ ನೀನಾಗಿ ಮಾಡಬೇಡ. ಮನೆಗೆ ಬಂದು, ನಿನ್ನ ಪಕ್ಕ ಕೂತು ಹೇಳುತ್ತೇನೆ.

ಅತ್ತೆ