ಬಿರುಕಿನ ಮೇಲಿನ ಗಾಜು

ಭಾವನವರಿಗೆ, ಮೂರನೇ ಮಹಡಿಯಲ್ಲಿದ್ದ ನಾದಿನಿಯ ನಮಸ್ಕಾರ.

ಗೋಡೆ ಬಿದ್ದ ದಿನದಿಂದ ನೀವು ಸರಿಯಾಗಿ ಊಟ ಮಾಡಿಲ್ಲವೆಂದು ಅಕ್ಕ ಅತ್ತಳು. "ಗಾಜು ಒಡೆದಿರ್ಲಿಲ್ಲ, ನಾನೇ ಕಣ್ಣಾರೆ ನೋಡಿದ್ದೆ" ಅಂತ ಒಬ್ಬರೇ ಗೊಣಗುತ್ತೀರಂತೆ. ನಿಮ್ಮ ಕಣ್ಣು ಸರಿಯಾಗಿಯೇ ಇದೆ, ಭಾವ. ನೀವು ನೋಡಿದ ಗಾಜು ಒಡೆದಿರಲಿಲ್ಲ. ಅದು ನೀವು ಅಂಟಿಸಿದ್ದಲ್ಲ, ಅಷ್ಟೇ.

ನಗರಸಭೆಯಿಂದ ನಮ್ಮ ಕಟ್ಟಡ ಪರೀಕ್ಷಿಸಲು ಬಂದ ನೀವು, ಮೆಟ್ಟಿಲ ಪಕ್ಕದ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಮೇಲೆ ತಾರೀಖು ಬರೆದಿದ್ದಿರಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಒಡೆದರೆ ಅವತ್ತೇ ಎಲ್ಲರೂ ಮನೆ ಖಾಲಿ ಮಾಡಬೇಕು ಎಂದಿರಿ. ಖಾಲಿ ಮಾಡಿ ಎಲ್ಲಿಗೆ ಹೋಗಬೇಕೆಂದು ಕೇಳಿದ್ದಕ್ಕೆ, ಅದು ಬೇರೆ ಇಲಾಖೆ ಅಂದುಬಿಟ್ಟಿರಿ. ಪಕ್ಕದ ಬೀದಿಯವರನ್ನು ಹಾಗೆ ಎಬ್ಬಿಸಿ ನಾಲ್ಕು ವರ್ಷವಾಯಿತು. ಊರಾಚೆ ತಗಡಿನ ಶೆಡ್ಡಿನಲ್ಲಿ ಇನ್ನೂ ಬೇಯುತ್ತಿದ್ದಾರೆ.

ಎರಡನೇ ತಿಂಗಳಲ್ಲೇ ಗಾಜು ಸೀಳಿತು. ಫೋಟೋಗೆ ಕಟ್ಟು ಹಾಕುವವನಿಂದ ಅದೇ ಅಳತೆಯ ಗಾಜು ತಂದು ಅಂಟಿಸಿ, ನಿಮ್ಮ ಅಕ್ಷರದಂತೆಯೇ ತಾರೀಖು ಬರೆದೆ. ಹೀಗೆ ಮೂರು ಸಲ. ಹನ್ನೊಂದು ಮನೆಯವರಿಗೂ ಗೊತ್ತಿತ್ತು. ಕೆಳಗಿನ ಇಸ್ತ್ರಿಯಮ್ಮನಂತೂ ಸಿಮೆಂಟ್ ಕಲಸಿಕೊಟ್ಟಳು. ನೀವು ಬಂದು ಟಾರ್ಚ್ ಹಾಕಿ ನೋಡಿ, "ಗಟ್ಟಿಯಾಗಿದೆ ಕಣಮ್ಮ" ಎಂದು ಟೀ ಕುಡಿದು ಹೋಗುತ್ತಿದ್ದಿರಿ. ಕಡೆಗೆ ಆ ಗೋಡೆ ಬಿದ್ದದ್ದು ಇಸ್ತ್ರಿಯಮ್ಮನ ಮೇಲೆ, ಅಲ್ಲೇ ಜೀವ ಹೋಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನೂ ಅವಳೂ ಇಬ್ಬರೂ ಮಾಡಿದೆವು, ಉಂಡವಳು ಅವಳೊಬ್ಬಳೇ.

ನಾಳೆ ವಿಚಾರಣೆ. ತಪ್ಪು ನಿಮ್ಮ ಕಚೇರಿಯದ್ದಾದರೆ ಎಲ್ಲರಿಗೂ ಹೊಸ ಮನೆ, ನಮ್ಮದಾದರೆ ಶೆಡ್ಡೂ ಸಿಗುವುದಿಲ್ಲ ಎಂದು ವಕೀಲರು ಬಿಡಿಸಿ ಹೇಳಿದ್ದಾರೆ. ಗಾಜು ಒಡೆದೇ ಇತ್ತು, ಭಾವ ನೋಡಿಯೂ ಸುಮ್ಮನೆ ಹೋದರು ಎಂದು ಹೇಳುತ್ತೇನೆ. ಸ್ವಂತ ನಾದಿನಿಯ ಮಾತು, ನಂಬುತ್ತಾರೆ. ನಿಮ್ಮ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಅಕ್ಕ ಇನ್ನು ನನ್ನ ಮುಖ ನೋಡುವುದಿಲ್ಲ. ಎಲ್ಲ ಗೊತ್ತಿದ್ದೂ ಹೇಳುತ್ತೇನೆ, ಭಾವ.

ಈ ಕಾಗದ ತೋರಿಸಿದರೆ ನೀವು ಪಾರಾಗುತ್ತೀರಿ. ಅಕ್ಷರ ನನ್ನದೇ, ಇಲ್ಲವೆನ್ನಲಾರೆ. ಆದರೆ ಶಾಲೆಯ ವರಾಂಡದಲ್ಲಿ ಮಲಗುತ್ತಿರುವ ನಮ್ಮ ಮಕ್ಕಳ ಒಬ್ಬೊಬ್ಬರ ಹೆಸರೂ ನಿಮಗೆ ಗೊತ್ತು. ಅವರನ್ನು ಬೀದಿಗೆ ಹಾಕುವಷ್ಟು ಗಟ್ಟಿ ಎದೆ ನಿಮ್ಮದಲ್ಲ. ಅದು ಗೊತ್ತಿದ್ದೇ ಬರೆಯುವ ಧೈರ್ಯ ಮಾಡಿದೆ.

ದೇವರು ನಿಮ್ಮನ್ನು ಹೀಗೇ ಒಳ್ಳೆಯವರಾಗಿ ಇಟ್ಟಿರಲಿ.

ನಿಮ್ಮ ನಾದಿನಿ