ಎರಡು ಮೂಟೆಯ ಕಡಿತ

ಸನ್ಮಿತ್ರ ಮೆಹಬೂಬ್ ಪಾಷಾ ಅವರಿಗೆ,

ನಿಮ್ಮ ತೂಕ ತೊಂಬತ್ತು ಕಿಲೋಗೆ ಇಳಿದಿದೆಯೆಂದು, ನಿಮ್ಮ ಮಾತು ನಂಬಿ, ವೈದ್ಯರಿಗೆ ಬರೆದುಕೊಟ್ಟಿದ್ದೆ. ಅದು ತಪ್ಪು. ಇಂದು ಆಸ್ಪತ್ರೆಯಲ್ಲಿ ತೊಂಬತ್ತನಾಲ್ಕು ಬಂತು. ತೊಂಬತ್ತು ದಾಟಿದ್ದರಿಂದ ನಿಮ್ಮ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು.

ಕೇಳಿದರೆ, "ಈರುಳ್ಳಿ ಮೂಟೆಗೆ ಎರಡು ಕಿಲೋ ಕಳೀತೀವಲ್ಲ ಮೇಷ್ಟ್ರೇ! ನಾನು ಎರಡು ಮೂಟೆ ಗಾತ್ರ, ನಾಲ್ಕು ಕಳ್ದೆ" ಎಂದು ನಕ್ಕಿರಿ. ಆ ಕಡಿತ ನಿಮ್ಮ ಈರುಳ್ಳಿ ಮಂಡಿಯ ವಾಡಿಕೆ, ಶರೀರಕ್ಕೆ ಅನ್ವಯಿಸದು. ಕುರ್ಚಿ ಬಿಟ್ಟು ನೆಲದ ಮೇಲೆ ನಮಾಜು ಮಾಡಬೇಕೆಂದು ನನ್ನೆದುರು ಅತ್ತವರು ನೀವೇ. ನಿಮಗೆ ಜೊತೆಯಾಗಲೆಂದೇ ನಾನೂ ನಾಲ್ಕು ತಿಂಗಳಿಂದ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಆರಕ್ಕೆ ನಡಿಗೆಗೆ ಸಿದ್ಧರಾಗಿ ಕೆಂಪಾಪುರದ ಉದ್ಯಾನದ ಗೇಟಿನ ಬಳಿ ನಿಂತಿರಿ. ನಿಮ್ಮೊಡನೆ ಮಾತನಾಡುವುದಿಲ್ಲ. ಕಾಲು ನೋವಾದರೆ ನನ್ನ ಭುಜ ಹಿಡಿದುಕೊಳ್ಳಿ.

ಇತಿ,
ಮುನಿವೆಂಕಟಯ್ಯ
೧೪ ಅಕ್ಟೋಬರ್ ೨೦೨೫, ಸಂಜೆ ೪ ಗಂಟೆ ೨೦ ನಿಮಿಷ